ಮೂಗಿನಿಂದ ಉಪ್ಪು ನೋಡುವುದು

ಮೊನ್ನೆ ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮೂಗಿಗೆ ಚಪ್ಪಲಿ ಹಿಡಿದರು.

ಹುಡುಗಾಟಕ್ಕೆ ಹೇಳುತ್ತಿಲ್ಲ. ಗೆಳತಿಯ ಬಸುರಿ ಮಗಳ ಕುಬಸದ ಊಟ ಮುಗಿಸಿಕೊಂಡು ಗೋಕಾಕಿಗೆ ಬರಲು ನಿಂತಿದ್ದೆ. ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ, ಇನ್ನೊಂದು ಕಾಲು ನೆಲ ಬಿಡಲೊಲ್ಲೆ ಅಂದಿತು. ಪಾರ್ಕಿನ್ಸನ್ ಅನ್ನುವ ನನ್ನ ಕಾಯಿಲೆಯ ಆಟಗಳಲ್ಲಿ ಇದೂ ಒಂದು. ನಡೆಯುತ್ತಿದ್ದವಳು ನಡುವೆಯೇ ಗೂಟ ಹೊಡೆದ ಹಾಗೆ ನಿಂತುಬಿಡುತ್ತೇನೆ. ಬಲಗೈ ಬೇರೆ ತನ್ನ ಪಾಡಿಗೆ ತಾನು ರವೆ ಜರಡಿ ಆಡಿಸುತ್ತಿತ್ತು. ಹಿಂದಿನವರು ನೂಕಿದರು, ಕಂಡಕ್ಟರ್ ಕೂಗಿದ, ನಾನು ಕುಸಿದು ಕುಳಿತೆ. ಅಷ್ಟೇ ಸಾಕಾಯಿತು. "ಫಿಟ್ಸ್ ಬಂದಾವು, ಚಪ್ಪಲಿ ತರ್ರೆಪಾ ಚಪ್ಪಲಿ!" ಎಂದು ಯಾರೋ ಅಂದರು. ಮೂರ್ಛೆ ಬಿದ್ದವರಿಗೆ ಚಪ್ಪಲಿ ಮೂಸಿಸಿದರೆ ಎಚ್ಚರವಾಗುತ್ತದೆಂದು ನಮ್ಮ ಕಡೆ ನಂಬಿಕೆ. ಗಟ್ಟಿಮುಟ್ಟಾದ ಒಬ್ಬ ಮನುಷ್ಯ ತನ್ನ ಎಡಗಾಲಿನದನ್ನು ಬಿಚ್ಚಿ ನನ್ನ ಮೂಗಿಗೆ ಒತ್ತಿಯೇಬಿಟ್ಟ.

"ಎಳಕೋರಿ ಅಕ್ಕಾರ, ಜೋರ ಎಳಕೋರಿ ವಾಸನಿ!"

"ನನಗ ಫಿಟ್ಸ್ ಇಲ್ಲೋ ಮಾರಾಯಾ. ವಾಸನಿನೂ ಬರಂಗಿಲ್ಲ. ನಿನ್ನ ಚಪ್ಪಲಿ ತಗೊಂಡು ನಾ ಏನ್ ಮಾಡ್ಲಿ?" ಎಂದೆ.

ಆತ ಚಪ್ಪಲಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಭಾಳ ಜಾಸ್ತಿ ಆಗೇತಿ ಇವರಿಗೆ" ಎಂದು ಪಕ್ಕದವನಿಗೆ ಹೇಳಿ ಎರಡನೆಯ ಚಪ್ಪಲಿಗೂ ಕೈ ಹಾಕಿದ.

ಪಾಪ, ಒಳ್ಳೆಯ ಮನುಷ್ಯ. ಆಮೇಲೆ ನನ್ನ ಚೀಲ ಎತ್ತಿಕೊಟ್ಟು, ಸೀಟು ಹಿಡಿದುಕೊಟ್ಟು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಬೇರೆಯದಕ್ಕೆ. ಶ್ರಾವಣದ ರಾಡಿ, ಸಗಣಿ, ಇನ್ನೂ ಏನೇನನ್ನು ತುಳಿದಿತ್ತೋ ಆ ಚಪ್ಪಲಿ. ಅದು ಮೂಗಿಗೆ ಅಂಟಿ ಕೂತರೂ ನನಗೆ ಏನೂ ಗೊತ್ತಾಗಲಿಲ್ಲವಲ್ಲ! ಒಂದು ಚೂರು ಗಬ್ಬು ಬಡಿದಿದ್ದರೂ ಆ ಪುಣ್ಯಾತ್ಮನಿಗೆ ಅಲ್ಲಿಯೇ ಹೊಸ ಜೋಡು ಕೊಡಿಸುತ್ತಿದ್ದೆ. ಗೋಕಾಕ ಬರುವ ತನಕ ಕಿಟಕಿಗೆ ಮುಖ ಹಚ್ಚಿ ಕುಳಿತು ಕುದಿದೆ.

ನನ್ನ ಹೆಸರು ಶಾಂತಾ. ಇಟ್ಟವರು ಸ್ವಲ್ಪ ತಡೆದು, ನನ್ನ ಗುಣ ನೋಡಿಕೊಂಡು ಇಡಬೇಕಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಮಕ್ಕಳು ನನ್ನನ್ನು ಹಿಂದಿನಿಂದ ಏನೆಂದು ಕರೆಯುತ್ತಿದ್ದರೆಂದು ನನಗೆ ಗೊತ್ತಿದೆ, ನಿಮಗೆ ಹೇಳುವುದಿಲ್ಲ. ಕೋಪ ಮೂಗಿನ ತುದಿಯಲ್ಲೇ ಎಂದು ಚಿಕ್ಕಂದಿನಿಂದ ಅನ್ನಿಸಿಕೊಂಡವಳು. ಈಗ ಆ ಮೂಗಿನಲ್ಲಿ ಉಳಿದಿರುವುದು ಕೋಪ ಒಂದೇ.

ಆದರೆ ಒಂದು ಕಾಲಕ್ಕೆ ಎಂಥ ಮೂಗು ಅದು! ನನ್ನ ತವರೂರು ಕಲ್ಲೋಳಿಯಲ್ಲಿ ಸಾಲೆ ಬಿಟ್ಟು ಮನೆಗೆ ಬರುವಾಗ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇವರದು ಹಿಂಡಿಪಲ್ಲೆ, ಅವರದು ಹುರುಳಿ, ಮೂಲೆಮನೆಯಲ್ಲಿ ಗಂಡ ಹೆಂಡತಿ ಜಗಳ, ಒಲೆಯ ಮೇಲಿನದು ಸೀಯುತ್ತಿದೆ. ಊರ ಹೊರಗೆ ಬೆಲ್ಲದ ಗಾಣ ಸುರುವಾದರೆ ನಮಗೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಪಾಟಿಚೀಲ ಅಲ್ಲೇ ಬಿಟ್ಟು, ಗಾಳಿ ಬಂದ ದಿಕ್ಕು ಹಿಡಿದು ಓಡಿದರೆ ಬಿಸಿ ಕಾಕಂಬಿ ಸಿಗುತ್ತಿತ್ತು, ಕಬ್ಬಿನ ಒಣಗರಿಯ ರವದಿಯ ಮೇಲೆ ಕುಳಿತು ಬೆರಳು ಸುಟ್ಟುಕೊಂಡು ನೆಕ್ಕುತ್ತಿದ್ದೆವು. ಮನೆಗೆ ಬಂದ ಮೇಲೆ ಅವ್ವ ತಲೆ ಮೂಸಿ ನೋಡಿ, ಗಾಣಕ್ಕೆ ಹೋಗಿದ್ದೆವೋ ಹಳ್ಳಕ್ಕೆ ಹೋಗಿದ್ದೆವೋ ಪತ್ತೆ ಹಚ್ಚುತ್ತಿದ್ದಳು. ಮೂಗು ನನಗೆ ಅವ್ವನ ಕಡೆಯಿಂದ ಬಂದದ್ದು.

ಅದನ್ನು ತಿದ್ದಿದವಳೂ ಅವಳೇ. ನಮ್ಮ ಮನೆಯ ಪದ್ಧತಿ ಹೀಗೆ: ಹಬ್ಬದ ದಿನ ದೇವರಿಗೆ ಎಡೆ ಆಗುವ ತನಕ, ಅಂದರೆ ಊಟವನ್ನು ಮೊದಲು ದೇವರ ಮುಂದಿಟ್ಟು ತೋರಿಸುವ ತನಕ, ಅಡುಗೆ ಮಾಡಿದವಳು ಒಂದು ಹನಿಯನ್ನೂ ನಾಲಿಗೆಗೆ ತಾಗಿಸುವಂತಿಲ್ಲ. ತಾಗಿಸಿದರೆ ಎಂಜಲು. ಹಾಗಾದರೆ ಉಪ್ಪು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಅವ್ವ ನನ್ನನ್ನು ಒಲೆಯ ಮುಂದೆ ಕಣ್ಣು ಮುಚ್ಚಿಸಿ ನಿಲ್ಲಿಸುತ್ತಿದ್ದಳು. "ಹೇಳ, ಬಿದ್ದೈತೋ ಇಲ್ಲೋ?" ತಪ್ಪು ಹೇಳಿದರೆ ಸೌಟಿನ ಹಿಡಿಯಿಂದ ಬೆನ್ನಿಗೊಂದು. ಉಪ್ಪಿಗೆ ವಾಸನೆ ಎಲ್ಲಿದೆ ಟೀಚರ್ ಎಂದು ಮುಂದೆ ನನ್ನ ವಿದ್ಯಾರ್ಥಿಗಳು ಕೇಳಿದ್ದುಂಟು. ಉಪ್ಪಿಗಿಲ್ಲ ಕಣಪ್ಪಾ, ಉಪ್ಪು ಬಿದ್ದ ಸಾರಿಗೆ ಇದೆ. ಬೀಳುವ ಮೊದಲು ಸಾರು ಹಸಿಹಸಿಯಾಗಿ ಮೇಲೆ ಮೇಲೆ ನಾರುತ್ತದೆ. ಬಿದ್ದ ಮೇಲೆ ಬೇಳೆ, ಬೆಲ್ಲ, ಮಸಾಲೆ ಎಲ್ಲ ಕೂಡಿಕೊಂಡು ಒಂದೇ ವಾಸನೆಯಾಗುತ್ತದೆ. ಇದನ್ನು ಯಾವ ಪ್ರಯೋಗಶಾಲೆಯಲ್ಲೂ ನಾನು ತೋರಿಸಲಾರೆ, ಆದರೆ ಕಲಿತ ಮೇಲೆ, ಮೂಗು ಇರುವ ತನಕ, ತಪ್ಪಿದ್ದಿಲ್ಲ.

ಗೋಕಾಕಿನ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದಾಗ ನನ್ನ ಮರ್ಯಾದೆ ನಿಂತದ್ದು ಈ ಮೂಗಿನ ಮೇಲೆಯೇ. ಡಿಗ್ರಿ, ಪಗಾರ ಎಲ್ಲ ಆಮೇಲೆ. ನಮ್ಮ ಮನೆಯವರ ಅಕ್ಕ ಗಂಗಕ್ಕ, ಯಮಕನಮರಡಿಗೆ ಕೊಟ್ಟವರು, ಹಬ್ಬಕ್ಕೆ ಬಂದಾಗಲೆಲ್ಲ ಬೀಗರನ್ನು ಅಡುಗೆಮನೆ ಬಾಗಿಲಿಗೆ ಕರೆತಂದು ತೋರಿಸುತ್ತಿದ್ದರು: "ನಮ್ಮ ಶಾಂತಾ ಮೂಗಿನಾಗ ಉಪ್ಪ ನೋಡ್ತಾಳ ನೋಡ್ರಿ." ನಾನು ಸೌಟು ಹಿಡಿದು, ಸ್ವಲ್ಪ ಹೆಚ್ಚೇ ಗಂಭೀರವಾಗಿ, ಹಬೆ ಮೂಸುತ್ತಿದ್ದೆ. ಜಂಬ ಇತ್ತು, ಇಲ್ಲವೆನ್ನುವುದಿಲ್ಲ.

ಆ ಮೂಗು ಹೋದದ್ದು ನನಗೆ ತಿಳಿಯಲೇ ಇಲ್ಲ. ಕಣ್ಣು ಹೋದರೆ ತಿಳಿಯುತ್ತದೆ, ಕಿವಿ ಹೋದರೆ ಪಕ್ಕದವರಿಗಾದರೂ ತಿಳಿಯುತ್ತದೆ. ವಾಸನೆ ಹೇಳದೆ ಕೇಳದೆ ಎದ್ದು ಹೋಗುತ್ತದೆ, ಹೋದ ಮೇಲೂ ನಾವು ಊರನ್ನೆಲ್ಲ ಬೈಯುತ್ತಿರುತ್ತೇವೆ. ಊದಿನಕಡ್ಡಿ ಕಲಬೆರಕೆ ಎಂದು ಅಂಗಡಿಯವನ ಮುಂದೆ ಪ್ಯಾಕೆಟ್ ಎಸೆದು ಬಂದೆ. ಕೊತ್ತಂಬರಿಗೆ ಈಗ ಬರೀ ಗೊಬ್ಬರ ಹಾಕಿ ಬೆಳೆಸುತ್ತಾರೆ, ಅದಕ್ಕೇ ಘಮವಿಲ್ಲ ಎಂದು ಸಂತೆಯಲ್ಲಿ ಭಾಷಣ ಮಾಡಿದೆ. ಮಲ್ಲಿಗೆ ಮಾರುವವಳೊಂದಿಗೆ ಜಗಳಾಡಿದೆ. ಅವಳು ಸಾವಕಾಶ ಮಾಲೆಯನ್ನು ತನ್ನ ಮೂಗಿಗೆ ಹಿಡಿದು ನೋಡಿ, "ಅಕ್ಕಾರ, ನಿಮಗ ನೆಗಡಿ ಆಗೇತೇನ್ರಿ?" ಎಂದಳು. ನನಗೆ ನೆಗಡಿ ಆಗಿರಲಿಲ್ಲ.

ನಿಜ ಹೇಳಿದವರು ಒಬ್ಬರೇ, ರಮಾಬಾಯಿ. ನನ್ನ ಜೊತೆ ಕಲಿಸುತ್ತಿದ್ದ ಹುಕ್ಕೇರಿಯ ಟೀಚರು. ಅವರ ಮನೆಯಲ್ಲಿ ಬುದ್ಧನ ಫೋಟೋಕ್ಕೆ ಹೂವಿಟ್ಟು ಕೈಮುಗಿಯುತ್ತಾರೆ, ಎಡೆ ಗಿಡೆ ಇಲ್ಲ. ಒಂದು ಹಬ್ಬದ ದಿನ ನಮ್ಮಲ್ಲಿ ಉಂಡು, ಕೈ ತೊಳೆದು, ನನ್ನನ್ನು ಹಿತ್ತಿಲಿಗೆ ಕರೆದರು.

"ಶಾಂತಕ್ಕಾ, ಸಾರಿಗೆ ಉಪ್ಪ ಬಿದ್ದಿಲ್ರಿ. ಹೋದ ಹಬ್ಬಕ್ಕೂ ಬಿದ್ದಿದ್ದಿಲ್ಲ. ಅದರ ಹಿಂದಿನ ಸಲ ಎರಡೆರಡ ಸಲ ಬಿದ್ದಿತ್ತು."

"ಮತ್ತ ಯಾರೂ ಯಾಕ ಹೇಳಲಿಲ್ಲ?"

"ಅದನ್ನ ಅವರನ್ನ ಕೇಳ್ರಿ."

ಕೇಳಬೇಕಾಗಿರಲಿಲ್ಲ. ಎದುರಿಗೆ ಯಾರೂ ಹೇಳುತ್ತಿರಲಿಲ್ಲ ಅಷ್ಟೆ, ಹಿಂದೆ ಎಲ್ಲರೂ ಹೇಳುತ್ತಿದ್ದರು. ಗಂಗಕ್ಕ ಬಂಧುಬಳಗದಲ್ಲೆಲ್ಲ ಹಬ್ಬಿಸಿದ್ದ ಮಾತು ಇದು: ಶಾಂತಾನ ಮನಸ್ಸಿನಲ್ಲಿ ಭಕ್ತಿ ಉಳಿದಿಲ್ಲ, ಅದಕ್ಕೇ ಮೂಗು ಸುಳ್ಳು ಹೇಳಾಕತ್ತೈತಿ, ದೇವರು ಎಡೆ ಮುಟ್ಟುತ್ತಿಲ್ಲ. ಉಪ್ಪಿಲ್ಲದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಬಾಯಿ ಒರೆಸಿಕೊಂಡು, ಬೀಗರ ಮನೆಯಲ್ಲಿ ಕುಳಿತು ಇದನ್ನು ಹೇಳುವವರಿಗೆ ಏನೆನ್ನಬೇಕು? ಒಬ್ಬರಾದರೂ "ಉಪ್ಪು ತಾ" ಎಂದು ಕೂಗಿದ್ದರೆ ಏನು ಗಂಟು ಹೋಗುತ್ತಿತ್ತು?

ವಾಸನೆ ಬರುತ್ತಿಲ್ಲವೆಂದು ನಾನೇ ಬಾಯಿ ಬಿಟ್ಟು ಹೇಳಿದೆ. ಜನ ನಕ್ಕರು. "ಪುಣ್ಯಾ ಮಾಡೀರಿ ಬಿಡ್ರಿ, ಸಕ್ಕರಿ ಫ್ಯಾಕ್ಟರಿ ಗಬ್ಬ ತಪ್ಪಿತು" ಎಂದರು. ಕಬ್ಬು ಅರೆಯುವ ದಿನಗಳಲ್ಲಿ ನಮ್ಮ ಕಡೆ ಗಾಳಿಗೆ ಒಂದು ಹುಳಿನಾತ ಇರುತ್ತದೆ, ಹೊರಗಿನಿಂದ ಬಂದವರು ಕರವಸ್ತ್ರ ಹಿಡಿಯುತ್ತಾರೆ. ನನಗೀಗ ಆ ನಾತಕ್ಕೂ ಹೊಟ್ಟೆ ಉರಿಯುತ್ತದೆ. ಹಾಲು ಸೀದರೆ ಗೊತ್ತಾಗುವುದಿಲ್ಲ, ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲ, ನನ್ನ ಮೈ ನಾರುತ್ತಿದೆಯೋ ಎಂಬ ಅಂಜಿಕೆಯಿಂದ ದಿನಕ್ಕೆ ಮೂರು ಸಲ ಸ್ನಾನ. ಇದರಲ್ಲಿ ಪುಣ್ಯ ಎಲ್ಲಿದೆ? ನಮ್ಮ ಮನೆಯವರು ಯಾರದೋ ಮಾತು ಕೇಳಿ ಹುಕ್ಕೇರಿಯ ಕಡೆ ಮೂಗಿಗೆ ಔಷಧ ಬಿಡುವ ಒಬ್ಬರ ಹತ್ತಿರ ಕರೆದೊಯ್ದರು. ಆತ ತಲೆ ಹಿಂದಕ್ಕೆ ಬಗ್ಗಿಸಿ ಯಾವುದೋ ಸೊಪ್ಪಿನ ರಸ ಹಿಂಡಿದ. ಮೆದುಳು ಹೊತ್ತಿಕೊಂಡ ಹಾಗಾಯಿತು. ಗೋಕಾಕ ಮುಟ್ಟುವ ತನಕ ಸೀನಿದೆ. "ನೋಡ, ಕೆಲಸ ಮಾಡಾಕತ್ತೈತಿ" ಎಂದರು ನಮ್ಮ ಮನೆಯವರು. ಮನೆಗೆ ಬಂದು ಇಂಗಿನ ಡಬ್ಬಿಯನ್ನು ಪೂರ್ತಿ ಮೂಗಿಗೆ ಹಿಡಿದೆ; ಗೋಡೆ ಮೂಸಿದಂತಿತ್ತು.

ಮೂಗಿನ ಹಿಂದೆಯೇ ಮನಸ್ಸು ಹೋಯಿತು. ಇದನ್ನು ಹೇಗೆ ಹೇಳಲಿ? ದುಃಖ ಅನ್ನಬೇಡಿ. ದುಃಖ ನನಗೆ ಗೊತ್ತು. ಅವ್ವ ತೀರಿಕೊಂಡಾಗ ಎದೆ ಬಡಿದುಕೊಂಡು ಅತ್ತೆ, ಅತ್ತು ಹಸಿದು ಉಂಡೆ. ಇದು ಹಾಗಲ್ಲ. ಬೆಳಗಾದರೆ ಏಳುವುದು ಯಾಕೆ ಅನ್ನಿಸುವುದು. ಹಳೆಯ ವಿದ್ಯಾರ್ಥಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಕಾಲು ಮುಟ್ಟಿದರೆ, ಇವರು ಯಾವಾಗ ಹೋಗುತ್ತಾರೋ ಅನ್ನಿಸುವುದು. ಊಟ ಬೇಡ, ಮಾತು ಬೇಡ, ಟಿವಿ ಬೇಡ, ಜಗಳ ಕೂಡ ಬೇಡ! ನನಗೆ ಜಗಳ ಬೇಡವಾಯಿತು ಅಂದರೆ ನೀವೇ ತಿಳಿಯಿರಿ. ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರೆ ಕಾರಣವಿಲ್ಲದೆ ಕಣ್ಣೀರು ಸುರಿಯುತ್ತಿತ್ತು. ಮುಖ ಮಾತ್ರ ಕಲ್ಲು. ಮದುವೆ ಮನೆಯಲ್ಲಿ ಫೋಟೋದವನು "ಕಾಕೂ, ಸ್ವಲ್ಪ ನಗ್ರಿ" ಎಂದ. ನಾನು ನಗುತ್ತಲೇ ಇದ್ದೆ. ಮುಖದ ಸ್ನಾಯುಗಳಿಗೆ ಸುದ್ದಿ ಮುಟ್ಟಿರಲಿಲ್ಲ, ಅದೂ ಈ ರೋಗವೇ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಶಾಂತಾಗೆ ಸೊಕ್ಕು ಬಂದಿದೆ, ಮಾರಿ ಗಂಟು ಹಾಕ್ಕೊಂಡು ತಿರುಗ್ತಾಳ ಎಂದು ಎರಡು ತಾಲೂಕಿಗೆ ಗೊತ್ತಾಗಿತ್ತು.

ಬುದ್ಧಿ ಹೇಳುವವರಿಗೇನು ಬರವೇ? ಮೊಬೈಲಿಗೆ ಬೆಳಗಾದರೆ ಸೂರ್ಯ, ಗುಲಾಬಿ, ಒಂದು ಸುವಿಚಾರ: ನಗುನಗುತ್ತಾ ಇರಿ. ಅಲ್ಲಪ್ಪಾ, ನಗು ನನ್ನ ಕೈಯಲ್ಲಿದ್ದರೆ ಗುಲಾಬಿ ಕಳಿಸುವ ತನಕ ಕಾಯುತ್ತಿದ್ದೆನೇ? ಧ್ಯಾನ ಮಾಡು, ಧುಪದಾಳದ ಅಣೆಕಟ್ಟಿಗೆ ಹೋಗಿ ನೀರು ನೋಡಿಕೊಂಡು ಬಾ, ಮೂರು ಹೊತ್ತು ಬೆಳ್ಳುಳ್ಳಿ ತಿನ್ನು. ಎಲ್ಲಕ್ಕಿಂತ ಮೈ ಉರಿಸುತ್ತಿದ್ದುದು ಒಂದು ಪ್ರಶ್ನೆ: "ನಿನಗೇನ ಕಡಿಮಿ ಆಗೇತಿ?" ಮನೆ ಇದೆ, ಪೆನ್ಶನ್ ಇದೆ, ಗಂಡ ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಇಷ್ಟೆಲ್ಲ ಇದ್ದೂ ಅಳುತ್ತೇನೆಂದರೆ ನನ್ನಷ್ಟು ಕೃತಘ್ನಳು ಇನ್ನಾರು ಎಂದು ನಾನೇ ನನ್ನನ್ನು ಬೈದುಕೊಳ್ಳುತ್ತಿದ್ದೆ. ಬೈಯುವವರು ಹೊರಗೆಷ್ಟಿದ್ದರೋ ಏನೋ, ಒಳಗೂ ಒಬ್ಬಳಿದ್ದಳು.

ಕಡೆಗೆ ಬಲಗೈ ನಡುಗತೊಡಗಿತು. ಆಗ ನೋಡಿ, ಎಲ್ಲರೂ ಎದ್ದು ನಿಂತರು. ಕೈ ನಡುಗುವುದು ಕಣ್ಣಿಗೆ ಕಾಣುತ್ತದಲ್ಲ! ಬೆಳಗಾವಿಯಿಂದ ವಾರಕ್ಕೊಮ್ಮೆ ಗೋಕಾಕಿಗೆ ಬರುವ ನರರೋಗದ ಡಾಕ್ಟರಮ್ಮನ ಹತ್ತಿರ ಹೋದೆವು. ನನಗೆ ಮಗಳಾಗುವ ವಯಸ್ಸಿನವಳು. ಕೈ ನೋಡಿದಳು, ನಡೆಸಿ ನೋಡಿದಳು, ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು:

"ವಾಸನಿ ಬರ್ತದೇನ್ರಿ ನಿಮಗ?"

ನಾನು ಕುರ್ಚಿಯಲ್ಲಿ ನೆಟ್ಟಗಾದೆ.

"ಇಲ್ಲ. ಭಾಳ ವರ್ಷ ಆತು."

"ಮನಸ್ಸು ಹೆಂಗಿರ್ತದ? ಯಾವುದ್ರಾಗೂ ಖುಷಿ ಇಲ್ಲಾ, ಏನೂ ಬ್ಯಾಡಾ, ಹಂಗ?"

ಹೌದೆಂದು ಗೋಣು ಹಾಕಿದೆ. ಅವಳು ನಮ್ಮ ಮನೆಯವರ ಕಡೆ ತಿರುಗಿ ಬಿಡಿಸಿ ಹೇಳಿದಳು. ಈ ರೋಗ ಎಷ್ಟೋ ಜನರಲ್ಲಿ ಕೈಯಿಂದ ಸುರುವಾಗುವುದಿಲ್ಲ. ವರ್ಷಗಟ್ಟಲೆ ಮೊದಲೇ ಮೂಗು ಹೋಗಿರಬಹುದು, ಮನಸ್ಸು ಮುದುಡಿರಬಹುದು. ಮಿದುಳಿನಲ್ಲಿ ಆಗುವ ಬದಲಾವಣೆಯೇ ಇದಕ್ಕೆಲ್ಲ ಮೂಲ. ಇದು ಸೋಮಾರಿತನವಲ್ಲ, ಸೊಕ್ಕಲ್ಲ. ಕೈಗೊಂದು ಗುಳಿಗೆ, ಮನಸ್ಸಿಗೊಂದು ಗುಳಿಗೆ. ಮನಸ್ಸಿನದು ಸಾವಕಾಶ ಹತ್ತುತ್ತದೆ, ಬಿಡಬಾರದು. ಮೂಗು ಮಾತ್ರ ತಿರುಗಿ ಬರುವ ಭರವಸೆ ಕೊಡಲಾರೆ ಎಂದಳು.

ನನಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು, ಕಂಡಾಪಟ್ಟೆ ಸಿಟ್ಟು. ಇಷ್ಟು ವರ್ಷ ನನ್ನ ಭಕ್ತಿಯನ್ನು ತೂಗಿದರು, ನನ್ನ ಗುಣವನ್ನು ಆಡಿಕೊಂಡರು, ನಾನೇ ನನ್ನನ್ನು ಉಗಿದುಕೊಂಡೆ. ಮಿದುಳಿನ ಒಂದು ಚೂರು ಒಣಗಿದ್ದಕ್ಕೆ ಇಷ್ಟು ಅವಮಾನವೇ? ವಿಜ್ಞಾನ ಕಲಿಸಿದವಳು ನಾನು, ನನಗೂ ಇದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅದಕ್ಕಿಂತ ದೊಡ್ಡ ಸಿಟ್ಟು ಬಾಕಿ ಇತ್ತು. ನಮ್ಮ ಮನೆಯವರು ಅಂಗಡಿಗೆ ಬಂದವರಿಗೆಲ್ಲ "ನರದ ವೀಕ್ನೆಸ್, ಕೈ ನಡಗತಾವ" ಎಂದು ಹೇಳತೊಡಗಿದರು. ಕೈಯ ಮಾತು ಬಂದರೆ ತಮ್ಮ ಕೈಯನ್ನೂ ಅಲುಗಿಸಿ ತೋರಿಸುವರು. ಮನಸ್ಸಿನ ಮಾತು ಬಂದರೆ ಸೀರೆ ಮಡಿಚುವರು. ಮನೆಗೆ ಯಾರಾದರೂ ಬಂದರೆ ಕೈಯ ಗುಳಿಗೆ ಟಿವಿಯ ಪಕ್ಕದಲ್ಲೇ ಇರುವುದು, ಮನಸ್ಸಿನ ಗುಳಿಗೆ ಕಪಾಟಿನಲ್ಲಿ ಹಳೆ ಧೋತರದ ಕೆಳಗೆ ಸೇರುವುದು.

"ಯಾಕ ಮುಚ್ಚಿಡ್ತೀರಿ?" ಎಂದೆ.

"ಹುಚ್ಚಿನ ಗುಳಿಗಿ ಅಂತಾರ ಮಂದಿ. ಸುಮ್ಮನ ಯಾಕ?"

"ಅಂದ್ರ ನನ್ನ ಕೈ ನಿಮ್ಮ ಮನಿತನದ್ದು, ನನ್ನ ಮನಸ್ಸು ಯಾರದ್ರಿ?"

ಕೀಲಿಕೈ ತೆಗೆದುಕೊಂಡು ಹೊರಟರು. ಅಂಗಡಿ ತೆರೆಯುವ ಹೊತ್ತಾಗಿತ್ತಂತೆ.

ಹೀಗಿರುವಾಗ ಹೋದ ವರ್ಷ ಶ್ರಾವಣದ ಕಡೆಯ ಸೋಮವಾರ ಬಂತು. ಗಂಗಕ್ಕ ತಮ್ಮ ಕಡೆಯ ಮಂದಿಯನ್ನೆಲ್ಲ ಕಟ್ಟಿಕೊಂಡು ಬಂದರು. ಎಲ್ಲರದೂ ಉಪವಾಸ, ಎಡೆ ಆದ ಮೇಲೆಯೇ ಊಟ. ಅಡುಗೆ ಬೇರೆಯವರು ಮಾಡಲಿ ಎಂದು ಹಿಂದಿನ ದಿನ ಮಾತು ಬಂದಿತ್ತು, ನಾನೇ ಮಾಡುತ್ತೇನೆ ಎಂದಿದ್ದೆ. ಹೋಳಿಗೆ ಆದವು. ಬೇಳೆ ಬಸಿದ ಕಟ್ಟಿನ ನೀರಿಗೆ ಮಸಾಲೆ ಹಾಕಿ ಸಾರಿಗೆ ಇಟ್ಟೆ. ಕುದಿಯಿತು. ಉಪ್ಪು ಹಾಕುವಾಗ ಕೈ ನಡುಗಿ ಒಲೆಯ ಸುತ್ತ ಚೆಲ್ಲಿತು. ಎಷ್ಟು ಒಳಗೆ ಬಿತ್ತು, ಎಷ್ಟು ಹೊರಗೆ ಬಿತ್ತು, ತಿಳಿಯಲಿಲ್ಲ. ಬಗ್ಗಿದೆ. ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. ಅಷ್ಟೇ. ಪಡಸಾಲೆಯಲ್ಲಿ ಹಸಿದ ಮಂದಿ ಪಿಸುಗುಡುತ್ತಿದ್ದರು, ಈ ಸಲವೂ ದೇವರು ಉಣ್ಣುತ್ತಾನೋ ಇಲ್ಲವೋ ಎಂದು.

ನಾನು ಸೌಟಿನಲ್ಲಿ ಸ್ವಲ್ಪ ತೆಗೆದು, ಊದಿ, ಅಂಗೈಗೆ ಹಾಕಿಕೊಂಡು ನೆಕ್ಕಿದೆ. ವಾಸನೆ ಹೋದರೂ ಉಪ್ಪು, ಹುಳಿ, ಸಿಹಿ ಇನ್ನೂ ನಾಲಿಗೆಗೆ ತಿಳಿಯುತ್ತವೆ.

"ಅಯ್ಯ ಶಿವನ!" ಬಾಗಿಲಲ್ಲಿ ಗಂಗಕ್ಕ. "ಎಂಜಲಾ ಮಾಡಿದ್ಯಲ್ಲ ಶಾಂತಾ! ಎಡಿ ಆಗಿಲ್ಲಿನ್ನಾ!"

"ಉಪ್ಪ ಕಡಿಮಿ ಐತ್ರಿ ಅಕ್ಕಾರ" ಎಂದು ಇನ್ನೊಂದು ಚಿಟಿಕೆ ಹಾಕಿದೆ.

ಗದ್ದಲಕ್ಕೆ ಮಂದಿ ಕೂಡಿತು. ನಮ್ಮ ಮನೆಯವರು ಓಡಿಬಂದು ತಮ್ಮ ಅದೇ ರಾಗ ತೆಗೆದರು. "ಅಕ್ಕಾ, ಆಕಿಗೆ ನರದ ವೀಕ್ನೆಸ್, ಕೈ ನಡಗತಾವಲ್ಲ, ಅದಕ್ಕ…"

"ಕೈ ನಡಗಿದ್ರ ನಾಲಿಗಿಲೆ ಯಾಕ ನೋಡ್ತಾರ್ರಿ?" ನನ್ನ ದನಿ ನನಗೇ ಹೈಸ್ಕೂಲಿನದು ಅನ್ನಿಸಿತು. "ಪೂರ್ತಿ ಹೇಳ್ರಿ. ಡಾಕ್ಟರ್ ಹೇಳಿದ್ದೆಲ್ಲಾ ಹೇಳ್ರಿ. ಇವತ್ತ ಹೇಳಲಿಲ್ಲಂದ್ರ ಈ ಸಾರು ಒಲಿ ಬಿಟ್ಟ ಇಳಿಯಂಗಿಲ್ಲ, ಎಡಿನೂ ಆಗಂಗಿಲ್ಲ. ಎಲ್ಲಾರೂ ಹಸಕೊಂಡು ಕುಂಡರ್ರಿ."

ಅವರು ಉಟ್ಟ ಮಡಿಯ ಅಂಚು ಹಿಡಿದು ನಿಂತರು.

"ಆಕಿಗೆ ವಾಸನಿ ಬರಂಗಿಲ್ಲಕ್ಕಾ" ಎಂದರು ಕಡೆಗೆ. "ಭಕ್ತಿ ಗಿಕ್ತಿ ಏನಲ್ಲ, ಅದು ಬ್ಯಾನಿ."

"ಮತ್ತ?" ಎಂದೆ.

"ಮತ್ತ ಮನಸ್ಸಿಗೂ ಐತಿ. ಅದೂ ಅದ ರೋಗನ. ಗುಳಿಗಿ ತಗೋತಾಳ. ನಾನ ಮುಚ್ಚಿಡತಿದ್ದೆ."

ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಸಾಕಿತ್ತು. ಅವರು ನಿಲ್ಲಿಸಲಿಲ್ಲ. ಅಕ್ಕನ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಕುದಿಯುವ ಸಾರಿಗೇ ಹೇಳುವ ಹಾಗೆ ಹೇಳಿದರು: "ಹಿತ್ತಲದಾಗ ಕಲ್ಲಿನ ಮ್ಯಾಲೆ ಕುಂತು ಒಬ್ಬಾಕಿನ ಅಳತಿದ್ಲು. ಊಟಕ್ಕ ಬಂದಾಗ ನೋಡತಿದ್ದೆ. ನೋಡಿ ಸುಮ್ಮನ ತಿರುಗಿ ಅಂಗಡಿಗೆ ಹೋಗತಿದ್ದೆ."

ನಾನು ಅವರ ಕಡೆ ತಿರುಗಿದೆ.

"ನೋಡಿದ್ದಿರಿ?" ಎಂದೆ.

"ನೋಡೇನಿ. ಏನ್ ಮಾಡಬೇಕ ತಿಳೀಲಿಲ್ಲ, ಶಾಂತಾ."

ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲವೆಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಿದ್ದೆ. ಈ ಮನುಷ್ಯ ಬಾಗಿಲ ಹಿಂದೆ ನಿಂತು ನೋಡಿದ್ದರು, ಹಸಿದುಕೊಂಡೇ ಅಂಗಡಿಗೆ ಹಿಂತಿರುಗಿದ್ದರು. ಕೈಯಲ್ಲಿದ್ದ ಸೌಟನ್ನು ಅವರ ತಲೆಗೆ ಬೀಸಬೇಕೆನ್ನಿಸಿತು. ದಿನವೂ ನೋಡಿದ್ದಿರಲ್ಲ, ಒಂದು ದಿನ ಬಂದು ಆ ಕಲ್ಲಿನ ಮೇಲೆ ಪಕ್ಕಕ್ಕೆ ಕುಳಿತಿದ್ದರೆ ನಿಮ್ಮ ಅಂಗಡಿ ಮುಳುಗಿಹೋಗುತ್ತಿತ್ತೇ? ಹೀಗೆಂದು ಎಲ್ಲರ ಮುಂದೆ ಕೇಳಿಯೂ ಬಿಟ್ಟೆ. ಗಂಗಕ್ಕ ನನ್ನ ಕೈಯಿಂದ ಸೌಟು ಇಸಿದುಕೊಂಡು ಒಲೆ ಸಣ್ಣ ಮಾಡಿದರು.

ಆ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಆದರೆ ಕೂಗಾಡಿ ಕೂಗಾಡಿ ಗಂಟಲು ಒಣಗಿ ನಿಂತಾಗ ಹೊಟ್ಟೆಯಲ್ಲಿ ಏನೋ ಚುರುಕ್ ಎಂದಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಸಿವು. ಎಷ್ಟು ವರ್ಷವಾಗಿತ್ತೋ ಅದನ್ನು ಕಂಡು.

ಅಲ್ಲೇ ನೆಲದ ಮೇಲೆ ಕುಳಿತೆ. ಒಂದು ಹೋಳಿಗೆ ಹಾಕಿಕೊಂಡು, ಸಾರು ಸುರುವಿಕೊಂಡು, ಹಸಿದ ಮಂದಿಯೆಲ್ಲ ನೋಡುತ್ತಿರುವಾಗ, ಹೊಟ್ಟೆ ತುಂಬ ಉಂಡೆ. ದೇವರ ಎಡೆ ಆಮೇಲೆ ಆಯಿತು.